ಓಡೆ-ಇತ್ಸೆಕಿರಿಯೋ ವಾರಿಯೋ, ರಾಜಧಾನಿ ಎಂದು ಯಾವುದನ್ನು ಬರೆಯುವುದು?

ಪುಟದ_ಕೆಲಸ:
ನೈಜೀರಿಯದ ಡೆಲ್ಟಾ ರಾಜ್ಯದ ಇತ್ಸೆಕಿರಿ ಜನರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಪುಟ ಸಿದ್ಧವಾಗುತ್ತಿದೆ. ಒಂದು ಕಡೆ ರಾಜಧಾನಿ ವಾರಿ ಅಂತಿದೆ, ಇನ್ನೊಂದು ಕಡೆ ಓಡೆ-ಇತ್ಸೆಕಿರಿ, ಮತ್ತೊಂದರಲ್ಲಿ ಬಿಗ್ ವಾರಿ. ಇವೆಲ್ಲ ಒಂದೇ ಊರಾ? ರಾಜರ ಪಟ್ಟಿಯಲ್ಲೂ 1848ರಿಂದ 1936ರವರೆಗೆ ಯಾರ ಹೆಸರೂ ಸಿಗುತ್ತಿಲ್ಲ. ಪಟ್ಟಿಯೇ ತಪ್ಪಿದೆಯಾ?

ನದಿಮುಖ:
ಬಿಗ್ ವಾರಿ ಮತ್ತು ಓಡೆ-ಇತ್ಸೆಕಿರಿ ಒಂದೇ ಊರು. ಹಳೆಯ ಹೆಸರು ಇವೆರೆ. ವಾರಿ ಅನ್ನುವ ಹೆಸರು ಹುಟ್ಟಿದ್ದೂ ಅದರಿಂದಲೇ. ಈಗಿನ ವಾರಿ ನಗರ ಬೇರೆ. ಅದು ಎಣ್ಣೆ ಉದ್ಯಮದ ದೊಡ್ಡ ಪೇಟೆ, ಉರ್ಹೋಬೊ ಮತ್ತು ಇಜೊ ಜನರೂ ಅದು ತಮ್ಮ ನೆಲವೆಂದೇ ಹೇಳುತ್ತಾರೆ. 1997ರಿಂದ ಅಲ್ಲಿ ರಕ್ತ ಹರಿದಿದೆ. ಹಾಗಾಗಿ ‘ವಾರಿ ಇತ್ಸೆಕಿರಿಗಳ ರಾಜಧಾನಿ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡಿ.

ಮೂರು ಜಾಗಗಳನ್ನು ಬೇರೆಬೇರೆಯಾಗಿ ತೋರಿಸಿ. ರಾಜ, ಅಂದರೆ ಓಲು, ವಾಸ ಮಾಡುವ ಅರಮನೆ ವಾರಿ ನಗರದಲ್ಲಿದೆ. ಅವರಿಗೆ ಪಟ್ಟ ಕಟ್ಟುವುದು ಓಡೆ-ಇತ್ಸೆಕಿರಿಯಲ್ಲಿ. ಮಣ್ಣು ಮಾಡುವುದು ಇಜಾಲ ಎಂಬ ಊರಿನಲ್ಲಿ. ಮೂಲ ರಾಜಧಾನಿ ಅನ್ನುವ ಮಾತು ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ.

2021ರ ಪಟ್ಟಾಭಿಷೇಕವನ್ನೇ ನೋಡಿ. ಮೊದಲು ಇಡಾನಿಕೆನ್ ಎಂಬ ಮೂರು ತಿಂಗಳ ಏಕಾಂತವಾಸ. ಅದು ಮುಗಿದ ಮೇಲೆ ಆಗಸ್ಟ್ 21ರಂದು ಸಿಂಗರಿಸಿದ ದೋಣಿಗಳ ಸಾಲಿನ ನಡುವೆ ಓಡೆ-ಇತ್ಸೆಕಿರಿಗೆ ಪಯಣ, ಅಲ್ಲಿ ಕಿರೀಟಧಾರಣೆ. ಮೂರನೇ ಅತುವತ್ಸೆ 21ನೇ ಓಲು ಆದದ್ದು ಹೀಗೆ. ನಗರದಲ್ಲಿ ಅರಮನೆ ಇದ್ದರೂ ಪಟ್ಟಕ್ಕೆ ನೀರಿನ ದಾರಿಯಲ್ಲೇ ಹೋಗಬೇಕು. ಓಲುವಿನ ಬಿರುದೇ ‘ಒಗಿಯಾಮೆ’, ನೀರಿನ ದೊರೆ ಅಂತ ಅರ್ಥ. ಎರಡನೇ ಅತುವತ್ಸೆ ಕ್ರೈಸ್ತ ನಂಬಿಕೆಯ ಕಾರಣ ಕೊಟ್ಟು 2013ರಲ್ಲಿ ಈ ಬಿರುದನ್ನು ಬಿಡಲು ಹೊರಟಾಗ ಜನ ಬೀದಿಗಿಳಿದರು, ಅವರು ನಿರ್ಧಾರ ಹಿಂದಕ್ಕೆ ಪಡೆದರು. ಪುಟದಲ್ಲಿ ಇದಕ್ಕೊಂದು ಪ್ಯಾರಾ ಖಂಡಿತ ಬೇಕು.

ಕಾಲಗಣನೆ:
ಪಟ್ಟಿ ಸರಿಯಾಗಿಯೇ ಇದೆ. 1848ರಲ್ಲಿ ಓಲು ಅಕೆಂಗ್ಬುವಾ ತೀರಿಕೊಂಡ ಮೇಲೆ ಉತ್ತರಾಧಿಕಾರ ಕುಸಿದುಬಿತ್ತು. ಜನ ಓಡೆ-ಇತ್ಸೆಕಿರಿ ಬಿಟ್ಟು ಚದುರಿದರು. ತಾಳೆ ಎಣ್ಣೆ ವ್ಯಾಪಾರದ ಹಿಡಿತ ಬೆನಿನ್ ನದಿಯ ಕಡೆಯ ಮುಖಂಡರ ಕೈಗೆ ಹೋಯಿತು. ಅವರಲ್ಲಿ ನಾನಾ ಓಲೊಮು ದೊಡ್ಡವರು. 1894ರಲ್ಲಿ ಬ್ರಿಟಿಷರು ಅವರ ನೆಲೆಯಾದ ಎಬ್ರೊಹಿಮಿಯನ್ನು ಹೊಡೆದು ಹಿಡಿದರು. ಈ ಮುಖಂಡರನ್ನು ಓಲುಗಳ ಸಾಲಿಗೆ ಸೇರಿಸಿಬಿಟ್ಟರೆ ಎಣಿಕೆಯೇ ಕೆಡುತ್ತದೆ. 88 ವರ್ಷದ ನಂತರ, 1936ರಲ್ಲಿ ಎರಡನೇ ಗಿನುವಾಗೆ ಪಟ್ಟವಾಯಿತು.

ಎರಡನೇ ಎರೆಜುವಾ ಎರಡು ಸಲ ಬರುತ್ತಾರೆ, 1951ರಿಂದ 1964, ಮತ್ತೆ 1966ರಿಂದ 1986. ಒಂದೇ ಸಂಖ್ಯೆ ಕೊಡಿ. ಪದವಿಯ ಹೆಸರು ‘ವಾರಿಯ ಓಲು’ ಎಂದಾದದ್ದು 1952ರಲ್ಲಿ, ಅದಕ್ಕೂ ಮೊದಲು ‘ಇತ್ಸೆಕಿರಿಗಳ ಓಲು’.

ಅಕ್ಷರ_ನಕಾಶೆ:
ಹೆಸರುಗಳ ವಿಷಯ. ‘ಒದೆ’ ಅಥವಾ ‘ಒಡೆ’ ಎಂದು ಬರೆದರೆ ನಮ್ಮ ಓದುಗರಿಗೆ ಬೇರೆಯೇ ಅರ್ಥ ಹೊಳೆಯುತ್ತದೆ, ‘ಓಡೆ’ ಸಾಕು. ಬ್ರಿಟಿಷ್ ಕಾಲದ ಬರಹಗಳಲ್ಲಿ ಇತ್ಸೆಕಿರಿಗಳು ‘ಜೆಕ್ರಿ’ ಆಗಿರುತ್ತಾರೆ, ಆ ಹೆಸರಿನಲ್ಲೂ ಹುಡುಕಿ. ಪೋರ್ಚುಗೀಸರು ವಾರಿಯನ್ನು ಕರೆದ ‘ಓವೆರೆ’ ಎಂಬ ಹೆಸರನ್ನು ಇಮೊ ರಾಜ್ಯದ ಓವೆರಿ ನಗರಕ್ಕೆ ಕೊಂಡಿ ಹಾಕುವುದು ತೀರಾ ಸಾಮಾನ್ಯವಾದ ತಪ್ಪು, ಅದು ಇಗ್ಬೊ ಜನರ ಊರು.

ಸುಮಾರು 1480ರಲ್ಲಿ ಬಂದ ಮೊದಲ ಓಲು ಗಿನುವಾ, ಬೆನಿನ್‌ನ ಒಬಾ (ದೊರೆ) ಓಲುವಾನ ಮಗ. ಈ ಬೆನಿನ್ ಅಂದರೆ ಇಂದಿನ ಬೆನಿನ್ ದೇಶ ಅಲ್ಲ, ನೈಜೀರಿಯದೊಳಗಿನ ಬೆನಿನ್ ನಗರ. ಗಿನುವಾ ಕಟ್ಟಿದ್ದು ರಾಜಮನೆತನವನ್ನು, ಜನಾಂಗವನ್ನಲ್ಲ. ಮನೆತನ ಎಡೊ, ಅಂದರೆ ಬೆನಿನ್ ಜನರ ಮೂಲದ್ದು, ಆದರೆ ಜನರ ಭಾಷೆ ಯೊರುಬಾ ಬಳಗದ್ದು. ಹಾಗಾಗಿ ‘ಇತ್ಸೆಕಿರಿಗಳು ಬೆನಿನ್‌ನಿಂದ ಬಂದವರು’ ಎಂದು ಬರೆದರೆ ಅವರ ಭಾಷೆಯೇ ಆ ಮಾತನ್ನು ಸುಳ್ಳು ಮಾಡುತ್ತದೆ. ಗಿನುವಾ ತೀರಿಕೊಂಡದ್ದು ಇಜಾಲದಲ್ಲಿ. ಓಡೆ-ಇತ್ಸೆಕಿರಿಗೆ ನೆಲೆ ಬದಲಿಸಿದ್ದು ಮಗ ಇರಾಮೆ. ನದಿಮುಖ ಅವರು ಹೇಳಿದ ರಾಜರ ಸಮಾಧಿಗಳು ಇಜಾಲದಲ್ಲೇ ಯಾಕಿವೆ ಅನ್ನುವುದಕ್ಕೆ ಉತ್ತರ ಇದು.

ಪುಟದ_ಕೆಲಸ:
ಬಹಳ ಉಪಕಾರವಾಯಿತು. ಮಾಹಿತಿ ಚೌಕದಲ್ಲಿ ‘ಪಟ್ಟದ ಊರು’, ‘ಅರಮನೆ’, ‘ರಾಜಸಮಾಧಿ’ ಎಂದು ಮೂರು ಸಾಲು ಮಾಡುತ್ತೇನೆ. ಓವೆರಿಯ ಕೊಂಡಿ ಈಗಾಗಲೇ ಬಿದ್ದಿತ್ತು, ತೆಗೆದೆ.