ಸಹಾಯ ಬೇಕು: ಹೊಂಗೆ ಎಣ್ಣೆಯ ಬಯೋಡೀಸೆಲ್, ಆಸಿಡ್ ವ್ಯಾಲ್ಯೂ 5ಕ್ಕೇ ನಿಂತಿದೆ

ಎಲ್ಲರಿಗೂ ನಮಸ್ಕಾರ. ಗಾಣದ ಹೊಂಗೆ ಎಣ್ಣೆ, 20 ಲೀಟರ್ ಬ್ಯಾಚ್. ಬೀಜ ಹಳೆಯದು, ಆಸಿಡ್ ವ್ಯಾಲ್ಯೂ (ಒಂದು ಗ್ರಾಂ ಎಣ್ಣೆಯ ಆಮ್ಲ ತಟಸ್ಥವಾಗಲು ಬೇಕಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಮಿ.ಗ್ರಾಂ ಲೆಕ್ಕದಲ್ಲಿ) 14, ಅಂದರೆ ಬಿಡಿ ಕೊಬ್ಬಿನಾಮ್ಲ ಸುಮಾರು ಶೇ. 7. ನೇರವಾಗಿ ಕ್ಷಾರ ಹಾಕಿದರೆ ಬರೀ ಸಾಬೂನು. ಹಾಗಾಗಿ ಮೊದಲು ಆ ಕೊಬ್ಬಿನಾಮ್ಲವನ್ನು ಮೆಥನಾಲ್ ಜೊತೆ ಸೇರಿಸಿ ಬಯೋಡೀಸೆಲ್ ಆಗಿಸುವ ಆಸಿಡ್ ಹಂತ: ಎಣ್ಣೆಯನ್ನು 110 ಡಿಗ್ರಿಗೆ ಕಾಯಿಸಿ ನೀರು ತೆಗೆದು, ಆರಿಸಿ, 5 ಲೀಟರ್ ಮೆಥನಾಲ್, 100 ಮಿ.ಲೀ. ಸಲ್ಫ್ಯೂರಿಕ್ ಆಸಿಡ್, ರಿಫ್ಲಕ್ಸ್ ಕಂಡೆನ್ಸರ್ (ಆವಿಯನ್ನು ತಣಿಸಿ ಪಾತ್ರೆಗೇ ಮರಳಿಸುವ ಕೊಳವೆ) ಇಟ್ಟು 60 ಡಿಗ್ರಿಯಲ್ಲಿ ಎರಡು ಗಂಟೆ ಕಲಕಿದ್ದು.

ಆಸಿಡ್ ವ್ಯಾಲ್ಯೂ 5ಕ್ಕಿಂತ ಕೆಳಗೆ ಇಳಿಯುತ್ತಿಲ್ಲ. ಹೀಗೇ ಕ್ಷಾರದ ಹಂತಕ್ಕೆ ಹೋದರೆ ಎಣ್ಣೆಯ ತೂಕದ ಶೇ. 1ರ ಲೆಕ್ಕದ 186 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆಗೆ ಉಳಿದ ಆಮ್ಲಕ್ಕೆಂದು ಇನ್ನೂ 93 ಗ್ರಾಂ ಬೇಕು, ಅದಷ್ಟೂ ಅರ್ಧ ಕಿಲೋ ದಾಟಿದ ಸಾಬೂನಾಗಿ ತೊಳೆಯುವಾಗ ಮಜ್ಜಿಗೆಯಂಥ ಎಮಲ್ಷನ್ ಕಟ್ಟುತ್ತದೆ. ಗುರಿ 2ಕ್ಕಿಂತ ಕಡಿಮೆ.

ಅನುಮಾನ ಎರಡು. ಕ್ರಿಯೆಯಲ್ಲೇ ಹುಟ್ಟಿದ 54 ಗ್ರಾಂನಷ್ಟು ನೀರು ಆ ಕ್ರಿಯೆಯನ್ನೇ ಹಿಂದಕ್ಕೆ ಎಳೆಯುತ್ತಿರಬಹುದು. ಇಲ್ಲವೇ ಎಣ್ಣೆಯಲ್ಲಿ ಉಳಿದ ಸಲ್ಫ್ಯೂರಿಕ್ ಆಸಿಡ್ ಕೂಡ ಟೈಟ್ರೇಷನ್‌ನಲ್ಲಿ (ಕ್ಷಾರವನ್ನು ಹನಿಹನಿಯಾಗಿ ಹಾಕಿ ಆಮ್ಲ ಅಳೆಯುವಾಗ) ಎಣಿಕೆಯಾಗುತ್ತಿರಬಹುದು. ನನಗೆ ಈ ಎರಡನೆಯದರ ಮೇಲೇ ಹೆಚ್ಚು ಗುಮಾನಿ.

ಮಾಡಿ ನೋಡಿದವರು ಹೇಳಿ: ಮೇಲೆ ನಿಂತ ಮೆಥನಾಲ್-ನೀರಿನ ಪದರ ತೆಗೆದು ಹೊಸ ಮೆಥನಾಲ್, ಆಸಿಡ್ ಹಾಕಿ ಎರಡನೇ ಸುತ್ತು ಮಾಡಬೇಕೇ? ಎಷ್ಟು ಮೆಥನಾಲ್ ಸಾಕು? ಸ್ಯಾಂಪಲ್ ಅನ್ನು ಬಿಸಿನೀರಲ್ಲಿ ತೊಳೆದು ಟೈಟ್ರೇಟ್ ಮಾಡಿದರೆ ನಂಬಬಹುದೇ? ಈ ಕಪ್ಪು ಎಣ್ಣೆಯಲ್ಲಿ ಟೈಟ್ರೇಷನ್ ಮುಗಿದದ್ದನ್ನು ತೋರಿಸುವ ಸೂಚಕ ಫಿನಾಲ್ಫ್ತಲೀನ್‌ನ ಗುಲಾಬಿ ಬಣ್ಣ ಕಾಣುವುದೇ ಕಷ್ಟ. ಬದಲಿಗೆ ಆಲ್ಕಲಿ ಬ್ಲೂ ಸೂಚಕ ಬಳಸಿದವರಿದ್ದೀರಾ?

ತೆರೆದ ಪಾತ್ರೆಯ ಸಲಹೆ ಬೇಡ. ಮೆಥನಾಲ್ 64.7 ಡಿಗ್ರಿಗೆ ಕುದಿಯುತ್ತದೆ, ಆವಿ ವಿಷ.