ಅಗ್ಗದ ಪುಸ್ತಕಗಳ ಸಗಟು ದರ ನಿಗದಿಯಾಗುವುದು ಹೇಗೆ?

ಪ್ರಶ್ನೆ (ಕೊಪ್ಪಳದಿಂದ): ಗವಿಮಠದ ಜಾತ್ರೆಯಲ್ಲಿ ಇಂಗ್ಲಿಷ್ ಪುಸ್ತಕಗಳ ಮಳಿಗೆ ಹಾಕುವ ಆಲೋಚನೆಯಿದೆ. ದೆಹಲಿಯ ಸಗಟು ವ್ಯಾಪಾರಿಯೊಬ್ಬರು ಇಡೀ ಲಾಟಿಗೆ ಕಿಲೋ ಲೆಕ್ಕದಲ್ಲಿ ಒಂದು ದರವನ್ನೂ, ಆರಿಸಿಕೊಂಡರೆ ಅದರ ದುಪ್ಪಟ್ಟನ್ನೂ ಹೇಳುತ್ತಿದ್ದಾರೆ. ಮುಖಬೆಲೆಗೂ ಇದಕ್ಕೂ ಸಂಬಂಧವೇ ಇಲ್ಲವೇ?

ಉತ್ತರ (ಬಳ್ಳಾರಿಯಿಂದ): ಸಂಬಂಧ ತೀರ ಕಡಿಮೆ, ಸರ್. ಮಾರಾಟವಾಗದೆ ಉಳಿದ ಪ್ರತಿಗಳನ್ನು ಪ್ರಕಾಶಕರು ಗೋದಾಮಿನ ಖರ್ಚು ತಪ್ಪಿಸಿಕೊಳ್ಳಲು, ಅನೇಕ ಸಲ ಅಚ್ಚಿನ ವೆಚ್ಚಕ್ಕಿಂತಲೂ ಕಡಿಮೆಗೆ, ಒಟ್ಟಾಗಿ ಮಾರಿಬಿಡುತ್ತಾರೆ. ಕೊಳ್ಳುವವರು ಸಿಗದಿದ್ದರೆ ಅವು ರದ್ದಿಗೆ ಹೋಗುವುದರಿಂದ ರದ್ದಿಯ ಬೆಲೆಯೇ ಇಲ್ಲಿ ತಳಮಟ್ಟ. ಅದರ ಮೇಲೆ ಸಾಗಣೆ, ವಿಂಗಡಣೆ, ನಡುವಿನವರ ಲಾಭ ಸೇರುತ್ತವೆ. ಆರಿಸುವವರಿಗೆ ಹೆಚ್ಚು ದರ ಹೇಳುವುದು ನನ್ನ ಮಟ್ಟಿಗೆ ನ್ಯಾಯವೇ: ಒಳ್ಳೆಯದನ್ನೆಲ್ಲ ನೀವು ಹೆಕ್ಕಿಕೊಂಡರೆ ಉಳಿದದ್ದನ್ನು ಅವರು ಯಾರಿಗೆ ಮಾರಬೇಕು?

ಉತ್ತರ (ರಾಯಚೂರಿನಿಂದ): ಪುಟಗಳ ಅಂಚಿನ ಮೇಲೆ ಮಾರ್ಕರಿನಿಂದ ಎಳೆದ ಗೆರೆಯಿದ್ದರೆ ಗಾಬರಿಯಾಗಬೇಡಿ. ಆ ಪ್ರತಿಯನ್ನು ಪೂರ್ಣ ಬೆಲೆಗೆ ಪ್ರಕಾಶಕರಿಗೆ ಹಿಂದಿರುಗಿಸದಿರಲೆಂದು ಹಾಕಿದ ಗುರುತು ಅದು; ಒಳಗೆ ಪುಸ್ತಕ ಹೊಸದೇ. ಅಂಗಡಿಗಳಿಂದ ಮರಳಿದ, ಮೂಲೆ ಮಡಿಚಿದ ಪ್ರತಿಗಳಾದರೆ ದರ ಇನ್ನೂ ಇಳಿಯಬೇಕು. ಕಿಲೋ ಲೆಕ್ಕದಲ್ಲಿ ದಪ್ಪ ರಟ್ಟಿನ ಅಡುಗೆ ಪುಸ್ತಕ ದುಬಾರಿ ಬೀಳುತ್ತದೆ, ತೆಳ್ಳನೆಯ ಮಕ್ಕಳ ಕಥೆಗಳು ಲಾಭ ತರುತ್ತವೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವಾದರೂ ಲಾರಿ ಬಾಡಿಗೆ ಇದ್ದೇ ಇದೆ; ಅದನ್ನು ಪ್ರತಿಯೊಂದಕ್ಕೂ ಹಂಚಿ ನೋಡಿದ ಮೇಲೆಯೇ ಮಾರುವ ಬೆಲೆ ಬರೆಯಿರಿ.

ಮರುಪ್ರಶ್ನೆ (ಕೊಪ್ಪಳದಿಂದ): ಜಾತ್ರೆಯಲ್ಲಿ ಎಲ್ಲಕ್ಕೂ ಒಂದೇ ಬೆಲೆ ಇಟ್ಟರೆ ನಡೆದೀತೇ?

ಉತ್ತರ (ಬಳ್ಳಾರಿಯಿಂದ): ನಡೆಯುತ್ತದೆ, ಆದರೆ ಚಿತ್ರಪುಸ್ತಕ ಮೊದಲ ದಿನವೇ ಖಾಲಿಯಾಗಿ, ಹಳೆಯ ಕಂಪ್ಯೂಟರ್ ಕೈಪಿಡಿಗಳು ನಿಮ್ಮ ಬಳಿಯೇ ಉಳಿಯುತ್ತವೆ. ಎರಡು ಮೂರು ದರದ ಮೇಜುಗಳನ್ನು ಬೇರೆ ಬೇರೆ ಇಡಿ.