ಮಳೆಗಾಲದ ಮೇಣದಬತ್ತಿಗೆ ಯಾವ ಮೇಣ?

ತೀರ್ಥಹಳ್ಳಿಯಿಂದ ಪ್ರಶ್ನೆ: ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲು. ಈ ಸಲ ಮೇಣದಬತ್ತಿ ಮನೆಯಲ್ಲೇ ಮಾಡೋಣ ಅಂತಿದ್ದೇನೆ. ಪೆಟ್ರೋಲಿಯಂನಿಂದ ಮಾಡುವ ಪ್ಯಾರಾಫಿನ್ ಮೇಣ ಸಾಕಾ, ಸೋಯಾ ಎಣ್ಣೆಯ ಮೇಣ ತರಿಸಬೇಕಾ? ತೋಟದ ಜೇನುಪೆಟ್ಟಿಗೆಯ ಹಳೇ ಎರಿಗಳೂ (ಜೇನುಹುಳ ಕಟ್ಟಿದ ಮೇಣದ ಗೂಡು) ಒಂದಿಷ್ಟು ಬಿದ್ದಿವೆ.

ಸಾಗರದಿಂದ: ಎರಿ ಬಿಸಾಡಬೇಡಿ ಮಾರಾಯ್ರೇ! ಕಪ್ಪಾದ ಎರಿಯಲ್ಲಿ ಕಸ ಜಾಸ್ತಿ, ಮೇಣ ಕಮ್ಮಿ, ಆದರೂ ಬಿಡುವಂಥದ್ದಲ್ಲ. ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಹಳೇ ಪಂಚೆಯಲ್ಲಿ ಸೋಸಿ. ಬೆಳಗ್ಗೆ ನೋಡಿದರೆ ನೀರಿನ ಮೇಲೆ ಹಳದಿ ಮೇಣ ದೋಸೆಯ ಹಾಗೆ ಗಟ್ಟಿಯಾಗಿರುತ್ತದೆ. ಅಡಿಯ ಕಸ ಚಾಕುವಿನಿಂದ ಕೆರೆಯಿರಿ. ಜೇನುಮೇಣ ಕರಗುವುದು 62–64 ಡಿಗ್ರಿ ಸೆಲ್ಸಿಯಸ್‌ಗೆ, ಅದಕ್ಕೇ ದಪ್ಪ ಬತ್ತಿ ಬೇಕು. ತೆಳು ಬತ್ತಿಯಾದರೆ ನಡುವೆ ಗುಂಡಿ ತೋಡಿಕೊಂಡು ಆರುತ್ತದೆ.

ಹೊಸನಗರದಿಂದ: ಸೋಯಾ ಮೆತ್ತಗೆ. ಗ್ಲಾಸಿಗೆ ಸುರಿಯಲು ಚೆನ್ನ, ನಿಲ್ಲಿಸುವ ಮೇಣದಬತ್ತಿಗೆ ಆಗುವುದಿಲ್ಲ. ಹೊಗೆಯೇ ಬರಲ್ಲ ಅನ್ನುವುದು ಸುಮ್ನೆ ಜಾಹೀರಾತು. ಬತ್ತಿ ಉದ್ದ ಬಿಟ್ಟರೆ ಯಾವ ಮೇಣವೂ ಮಸಿ ಕಾರುತ್ತದೆ, ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. ಕರೆಂಟ್ ಹೋದಾಗ ಹಚ್ಚಲು ಪ್ಯಾರಾಫಿನ್ ಸಾಕು, ಅಗ್ಗ ಕೂಡ.

ತೀರ್ಥಹಳ್ಳಿಯಿಂದ: ಜೇನುಮೇಣ, ಪ್ಯಾರಾಫಿನ್ ಎರಡನ್ನೂ ಬೆರೆಸಬಹುದಾ?

ಸಾಗರದಿಂದ: ಧಾರಾಳವಾಗಿ. ಪಾತ್ರೆಯನ್ನು ಮಾತ್ರ ಕುದಿಯುವ ನೀರಿನ ಮೇಲಿಡಿ, ನೇರ ಉರಿಗೆ ಬೇಡ. ಬತ್ತಿಯ ದಾರವನ್ನು ಮೊದಲೇ ಒಲೆ ಹತ್ತಿರ ಒಣಗಿಸಿಕೊಳ್ಳಿ. ಈ ಥಂಡಿಯಲ್ಲಿ ಒದ್ದೆ ದಾರ ಚಟಪಟ ಅನ್ನುತ್ತದೆ.